ಯುರೋಪಿನಲ್ಲಿ ನಡೆಯುವ ಕಾಲು ಹೊಸೂರಿನಲ್ಲೇಕೆ ನಡೆಯದು?



ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮ ಕನ್ನಡ ಶಾಲೆಗಳಿಗೆ ಒಂದು ಜ್ವರ ಹಿಡಿಯುತ್ತದೆ. ಅದರ ಹೆಸರು ಟೂರು! ಬಸ್ಸು ಗೊತ್ತು ಮಾಡು, ತಲೆಗಿಷ್ಟು ಎಂದು ವಸೂಲಿ ಮಾಡು, ಬೆಳಗಿನ ಜಾವ ನಾಲ್ಕಕ್ಕೆ ಮಕ್ಕಳನ್ನು ಎಬ್ಬಿಸಿ ಹತ್ತಿಸು. ದಾರಿಯುದ್ದಕ್ಕೂ ಕಿವಿ ಹರಿಯುವ ಸಿನಿಮಾ ಹಾಡು. ಅರಮನೆಯಲ್ಲಿ ಅರ್ಧ ಗಂಟೆ, ಮೃಗಾಲಯದಲ್ಲಿ ಒಂದು ಗಂಟೆ, ನೀರಾಟದ ಪಾರ್ಕಿನಲ್ಲಿ ಅರ್ಧ ದಿನ. ರಾತ್ರಿ ಹನ್ನೆರಡಕ್ಕೆ ವಾಂತಿ ಮಾಡಿಕೊಂಡು ಬಂದಿಳಿದ ಮಗುವನ್ನು ಮರುದಿನ "ಏನು ನೋಡಿದೆ?" ಎಂದು ಕೇಳಿ. "ಜಾರುಬಂಡೆ ಸಾರ್" ಅನ್ನುತ್ತದೆ. ಇದಕ್ಕೆ ನಾವು ಇಟ್ಟಿರುವ ಹೆಸರು ಶೈಕ್ಷಣಿಕ ಪ್ರವಾಸ.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಮಕ್ಕಳು ಆಡಲಿ, ಸಂತೋಷ. ಆದರೆ ಆ ಬಸ್ಸಿನಲ್ಲಿ ಎಲ್ಲ ಮಕ್ಕಳೂ ಇರುವುದಿಲ್ಲವಲ್ಲ! ಹೂವಿನ ತೋಟದಲ್ಲಿ ಕೂಲಿ ಮಾಡುವ ತಾಯಿಗೆ ಅದು ನಾಲ್ಕೈದು ದಿನದ ಸಂಪಾದನೆ. ದುಡ್ಡು ಕೊಡಲಾಗದ ಮಗು ಆ ದಿನ "ಹೊಟ್ಟೆನೋವು" ಅಂತ ಮನೆಯಲ್ಲಿ ಉಳಿಯುತ್ತದೆ. ನಮಗೆಲ್ಲ ಅದು ಎಂಥ ಹೊಟ್ಟೆನೋವು ಎಂದು ಗೊತ್ತು. ಗೊತ್ತಿದ್ದೂ ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯುತ್ತೇವೆ.

ಆದ್ದರಿಂದ ನೇರವಾಗಿ ಹೇಳಿಬಿಡುತ್ತೇನೆ. ಹೊಸೂರು, ಕೃಷ್ಣಗಿರಿ ಸೀಮೆಯ ಕನ್ನಡ ಶಾಲೆಗಳು ಬಸ್ಸಿನ ಟೂರಿಗೆ ಮೊದಲು ಕಾಲ್ನಡಿಗೆಯ ಟೂರು ಮಾಡಬೇಕು. ಅದೂ ತಮ್ಮ ಸ್ವಂತ ಊರಿನಲ್ಲಿ. ಬೇರೆ ಶಾಲೆಗಳಿಗೆ ಇದು ಒಳ್ಳೆಯ ಅಭ್ಯಾಸ ಅಷ್ಟೆ. ನಮಗೆ ಮಾತ್ರ ಇದು ಉಳಿವಿನ ಪ್ರಶ್ನೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಇಂದು ನಮ್ಮ ಕಡೆಯ ಎಷ್ಟೋ ಮನೆಗಳ ಹುಡುಗ ಹುಡುಗಿಯರು ಕಂಪನಿ ಕೆಲಸದ ಮೇಲೆ ಯುರೋಪಿಗೆ ಹೋಗಿ ಬರುತ್ತಾರೆ. ಬಂದವರು ಹೇಳುವ ಮಾತು ಒಂದೇ. "ಸಾರ್, ಹಳೇ ಊರನ್ನು ನಡೆದೇ ನೋಡಿದೆವು. ಮೂರು ಗಂಟೆ! ಕಾಲು ನೋವು ಗೊತ್ತೇ ಆಗಲಿಲ್ಲ. ಒಂದೊಂದು ಗೋಡೆಗೂ ಒಂದೊಂದು ಕಥೆ." ಸಂತೋಷ ಕಣಪ್ಪಾ, ಹೊಸೂರನ್ನು ಯಾವತ್ತಾದರೂ ನಡೆದು ನೋಡಿದ್ದೀಯಾ ಎಂದರೆ ನಗುತ್ತಾರೆ. "ಹೊಸೂರಿನಲ್ಲಿ ನೋಡೋಕೆ ಏನಿದೆ ಸಾರ್? ಫ್ಯಾಕ್ಟರಿ, ಲಾರಿ, ಧೂಳು!"

ಈ ನಗುವೇ ನನ್ನ ಇವತ್ತಿನ ಜಗಳ.

ಯುರೋಪಿನ ಒಂದು ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ರೋಮ್, ಪ್ಯಾರಿಸ್ ಬೇಡ. ನಮ್ಮ ಹಾಗೆಯೇ ಗಡಿಯಲ್ಲಿರುವ ಊರು. ಇಟಲಿಯ ಉತ್ತರದಲ್ಲಿ, ಆಲ್ಪ್ಸ್ ಪರ್ವತದ ಮಡಿಲಲ್ಲಿ ಬೊಲ್ಜಾನೊ ಎಂಬ ಹಳೆಯ ಪಟ್ಟಣವಿದೆ. ಇದು ಇಟಾಲಿಯನ್ ಹೆಸರು. ಅಲ್ಲಿಯ ಜರ್ಮನ್ ಭಾಷಿಕರು ಅದನ್ನೇ ಬೋಜೆನ್ ಅನ್ನುತ್ತಾರೆ. ಮೊದಲ ಮಹಾಯುದ್ಧದವರೆಗೆ ಅದು ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಯುದ್ಧ ಮುಗಿದ ಮೇಲೆ 1919ರ ಒಪ್ಪಂದದಲ್ಲಿ ಇಟಲಿಗೆ ಹೋಯಿತು. ಜನ ಎಲ್ಲೂ ಹೋಗಲಿಲ್ಲ, ಗಡಿ ಮಾತ್ರ ಅವರ ತಲೆಯ ಮೇಲೆ ದಾಟಿಹೋಯಿತು.

ಅಲ್ಲಿಯ ಊರಿನ ನಡುವೆ ಒಂದು ಚೌಕವಿದೆ. ಅದರಲ್ಲಿ ವಾಲ್ಟರ್ ಎಂಬ ಮಧ್ಯಯುಗದ ಜರ್ಮನ್ ಕವಿಯ ಪ್ರತಿಮೆ. ನಿಲ್ಲಿಸಿದ್ದು 1889ರಲ್ಲಿ. ಮುಸ್ಸೊಲಿನಿಯ ಕಾಲದಲ್ಲಿ, 1935ರಲ್ಲಿ, ಈ ಕವಿಯನ್ನು ಚೌಕದಿಂದ ಎತ್ತಿ ಒಂದು ಉದ್ಯಾನಕ್ಕೆ ಸಾಗಿಸಿದರು. ಆತ ಮತ್ತೆ ತನ್ನ ಚೌಕಕ್ಕೆ ಬಂದದ್ದು 1981ರಲ್ಲಿ. ಒಬ್ಬ ಕವಿ ತನ್ನ ಜಾಗಕ್ಕೆ ಮರಳಲು 46 ವರ್ಷ!

ಕವಿಯ ಪಾಡೇ ಹೀಗಾದರೆ ಮೇಷ್ಟ್ರುಗಳ ಪಾಡು? 1923ರಿಂದ ಜರ್ಮನ್ ಮಾಧ್ಯಮದ ಶಾಲೆಗಳನ್ನು ತರಗತಿಗೊಂದರಂತೆ ಮುಚ್ಚುತ್ತಾ ಬಂದರು. ಊರುಗಳ ಹೆಸರನ್ನೆಲ್ಲ ಇಟಾಲಿಯನ್ ಮಾಡಿದರು. ಆಗ ಅಲ್ಲಿಯ ಶಿಕ್ಷಕಿಯರು, ಹೆಚ್ಚಿನವರು ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು, ಅಟ್ಟದಲ್ಲಿ, ಅಡುಗೆಮನೆಯಲ್ಲಿ, ಹಗೇವಿನಂಥ ಕತ್ತಲ ಕೋಣೆಯಲ್ಲಿ ಗುಟ್ಟಾಗಿ ಅಕ್ಷರ ಕಲಿಸಿದರು. ಸಿಕ್ಕಿಬಿದ್ದವರಿಗೆ ದಂಡ, ಜೈಲು, ಗಡೀಪಾರು. 1972ರ ಸ್ವಾಯತ್ತತೆಯ ಕಾನೂನು ಬಂದ ಮೇಲೆ ಪರಿಸ್ಥಿತಿ ಗಟ್ಟಿಯಾಗಿ ಬದಲಾಯಿತು. ಇವತ್ತು ಬೊಲ್ಜಾನೊದಲ್ಲಿ ನಡೆದರೆ ಬೀದಿಯ ಫಲಕ ಎರಡು ಭಾಷೆಯಲ್ಲಿ ಕಾಣುತ್ತದೆ. ಜರ್ಮನ್ ಮಾಧ್ಯಮದ ಶಾಲೆ ಇದೆ, ಇಟಾಲಿಯನ್ ಮಾಧ್ಯಮದ ಶಾಲೆಯೂ ಇದೆ. ಮುಖ್ಯವಾದ ಮಾತು ಕೇಳಿ: ಈ ಮಕ್ಕಳು ಆ ಭಾಷೆಯನ್ನು, ಆ ಮಕ್ಕಳು ಈ ಭಾಷೆಯನ್ನು ಕಡ್ಡಾಯವಾಗಿ ಕಲಿಯುತ್ತಾರೆ. ಮುಸ್ಸೊಲಿನಿಯ ಕಾಲದಲ್ಲಿ, 1928ರಲ್ಲಿ, ಕಟ್ಟಿದ ವಿಜಯ ಸ್ಮಾರಕವನ್ನೂ ಅವರು ಕೆಡವಲಿಲ್ಲ. 2014ರಲ್ಲಿ ಅದರ ಬುಡದಲ್ಲೇ ಒಂದು ಪ್ರದರ್ಶನ ತೆರೆದು, ಆ ಕಾಲದಲ್ಲಿ ನಡೆದದ್ದನ್ನೆಲ್ಲ ಬರೆದು ತೋರಿಸಿದರು.

ನಮ್ಮ ಸ್ಥಿತಿಯನ್ನು ಮುಸ್ಸೊಲಿನಿಯ ಕಾಲಕ್ಕೆ ಹೋಲಿಸುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. ನಮ್ಮ ಶಾಲೆಯನ್ನು ಸರ್ಕಾರವೇ ನಡೆಸುತ್ತಿದೆ, ನನ್ನ ಸಂಬಳವನ್ನು ತಮಿಳುನಾಡು ಸರ್ಕಾರವೇ ಕೊಡುತ್ತಿದೆ. ಉಂಡ ಮನೆಗೆ ಸುಳ್ಳು ಹೇಳಬಾರದು. ನಾನು ತೋರಿಸಬೇಕೆಂದಿರುವುದು ಬೇರೆ. ಬೊಲ್ಜಾನೊದಲ್ಲಿ ಎರಡು ಗಂಟೆ ನಡೆದ ಮಗು ತನ್ನ ಊರು ಎರಡು ಭಾಷೆಗಳ ಊರು ಎಂದು ಕಣ್ಣಿಂದಲೇ ಕಲಿಯುತ್ತದೆ. ಹೊಸೂರಿನಲ್ಲಿ ಹತ್ತು ವರ್ಷ ಓದಿದ ಮಗುವಿಗೆ ಈ ಪಾಠ ಸಿಗುತ್ತಿಲ್ಲ. ಊರಿನಲ್ಲಿ ಪಾಠ ಇಲ್ಲವೆಂದಲ್ಲ, ನಾವು ನಡೆಸಿಕೊಂಡು ಹೋಗುತ್ತಿಲ್ಲ.

ಹಾಗಾದರೆ ಹೊಸೂರಿನಲ್ಲಿ ಏನಿದೆ? ಬನ್ನಿ, ನಡೆಯೋಣ.

ಮೊದಲನೆಯದು ಬಸ್ ಸ್ಟ್ಯಾಂಡು. ನೋಡಬೇಕಾದದ್ದು ಊರ ಹೆಸರಿನ ಫಲಕ. ತಮಿಳಿನಲ್ಲಿ ಓಸೂರ್ ಎಂದಿದೆ. ಕನ್ನಡದ ಮಗು ಮನೆಯಲ್ಲಿ ಹೊಸೂರು ಅನ್ನುತ್ತದೆ. ಹೊಸ ಊರು, ಹೊಸೂರು. ಹಳಗನ್ನಡದಲ್ಲಿ ಹೊಸ ಎಂಬುದು ಪೊಸ ಎಂದಿತ್ತು. ಪಕಾರ ಹಕಾರವಾಯಿತು. ಹಕಾರ ಬಾಯಲ್ಲಿ ಸವೆದು ಓಸೂರ್ ಆಯಿತು. ವ್ಯಾಕರಣದ ಪುಸ್ತಕದಲ್ಲಿ ಮಕ್ಕಳು ಆಕಳಿಸುತ್ತಾ ಓದುವ ಪಕಾರ ಹಕಾರದ ಪಾಠ ಇಲ್ಲಿ ಬಸ್ಸಿನ ಹಣೆಯ ಮೇಲೆ ಬರೆದಿದೆ!

ಎರಡನೆಯದು ರಾಮನಾಯಕನ ಕೆರೆ. ತಮಿಳಿನಲ್ಲಿ ಇದಕ್ಕೆ ಏರಿ ಅನ್ನುತ್ತಾರೆ. ನಮ್ಮಲ್ಲಿ ಏರಿ ಎಂದರೆ ಕೆರೆಯ ಕಟ್ಟೆ, ನೀರಲ್ಲ. ತಮಿಳಿನಲ್ಲಿ ಕರೈ ಎಂದರೆ ದಡ. ನಮ್ಮ ಕಿವಿಗೆ ಅದು ಕೆರೆಯ ಹಾಗೆ ಕೇಳಿಸುತ್ತದೆ. ಅಲ್ಲಿ ಏರಿಯಲ್ಲಿ ನೀರು, ಕರೈಯಲ್ಲಿ ಮಣ್ಣು. ಇಲ್ಲಿ ಕೆರೆಯಲ್ಲಿ ನೀರು, ಏರಿಯಲ್ಲಿ ಮಣ್ಣು. ಏರಿಯ ಮೇಲೆ ನಿಂತು ಇದನ್ನು ಹೇಳಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಕ್ಕ ಮಗು ಮರೆಯುವುದಿಲ್ಲ. ಆಮೇಲೆ ನಿಧಾನವಾಗಿ ಕೇಳಿ: ಈ ಕೆರೆಗೆ ನೀರು ಎಲ್ಲಿಂದ ಬರುತ್ತಿತ್ತು? ಈಗ ಯಾಕೆ ಹಾಗೆ ಬರುತ್ತಿಲ್ಲ? ಅದು ವಿಜ್ಞಾನದ ಪಾಠ, ಸಮಾಜದ ಪಾಠವೂ ಹೌದು.

ಮೂರನೆಯದು ತೇರುಪೇಟೆ ಮತ್ತು ಚಂದ್ರಚೂಡೇಶ್ವರನ ಬೆಟ್ಟ. ತೇರು ಎಂಬ ಮಾತನ್ನು ಕನ್ನಡಿಗನಿಗೂ ತಮಿಳನಿಗೂ ಬಿಡಿಸಿ ಹೇಳಬೇಕಾಗಿಲ್ಲ. ತೇರಿನ ದಿನ ಹಗ್ಗ ಹಿಡಿದವರಲ್ಲಿ ಕನ್ನಡದವರಿದ್ದಾರೆ, ತೆಲುಗಿನವರಿದ್ದಾರೆ, ತಮಿಳಿನವರಿದ್ದಾರೆ. ಹಗ್ಗಕ್ಕೆ ಯಾವ ಮಾಧ್ಯಮ? ಬೆಟ್ಟದ ಮೇಲೆ ನಿಂತರೆ ಹಳೆಯ ಪೇಟೆ ಎಲ್ಲಿ ಮುಗಿಯಿತು, 1970ರ ದಶಕದಲ್ಲಿ ಬಂದ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಎಲ್ಲಿ ಶುರುವಾಯಿತು ಎಂದು ಬೊಟ್ಟು ಮಾಡಿ ತೋರಿಸಬಹುದು. ಪಠ್ಯದ ನಕ್ಷೆಗಿಂತ ಇದು ವಾಸಿ.

ನಾಲ್ಕನೆಯದು ರಾಜಾಜಿ. ಸಿ. ರಾಜಗೋಪಾಲಾಚಾರಿ 1878ರಲ್ಲಿ ಹುಟ್ಟಿದ್ದು ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ಹೊಸೂರಿನ ಸರ್ಕಾರಿ ಶಾಲೆಯಲ್ಲಿ ಓದಿದರು. ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. 1948ರಲ್ಲಿ ಭಾರತದ ಗವರ್ನರ್ ಜನರಲ್. ಸರ್ಕಾರಿ ಶಾಲೆ ಎಂದರೆ ಮೂಗು ಮುರಿಯುವ ಪೋಷಕರನ್ನು ಅವರ ಓದಿನ ಊರಿನಲ್ಲಿ ನಿಲ್ಲಿಸಿ ಮಾತಾಡಿಸಬೇಕು. ತೊರಪಳ್ಳಿಯ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಅದನ್ನು ಇನ್ನೊಂದು ಶನಿವಾರಕ್ಕೆ ಇಟ್ಟುಕೊಳ್ಳಿ.

ಐದನೆಯದು ಉಳಿಯದೇ ಹೋದದ್ದು. 19ನೆಯ ಶತಮಾನದಲ್ಲಿ ಬ್ರೆಟ್ ಎಂಬ ಇಂಗ್ಲಿಷ್ ಅಧಿಕಾರಿಯೊಬ್ಬ ಇಂಗ್ಲೆಂಡಿನ ಕೆನಿಲ್‌ವರ್ತ್ ಕೋಟೆಯ ಮಾದರಿಯಲ್ಲಿ ಹೊಸೂರಿನಲ್ಲಿ ಒಂದು ಕೋಟೆಮನೆ ಕಟ್ಟಿಸಿದ. ಯುರೋಪು ನೋಡಲು ವಿಮಾನ ಹತ್ತಬೇಕಾಗಿರಲಿಲ್ಲ, ಯುರೋಪೇ ಇಲ್ಲಿಗೆ ಬಂದು ಕೂತಿತ್ತು! ಅದರ ವೈಭವ ಈಗ ಹಳೆಯ ಫೋಟೋಗಳಲ್ಲಿ ಮಾತ್ರ. ಲಂಡನ್ನಿನಲ್ಲಿ ದೊಡ್ಡವರು ಬಾಳಿದ ಮನೆಗಳಿಗೆ ಫಲಕ ಹಾಕುವ ಪದ್ಧತಿ ಶುರುವಾದಾಗ 1867ರಲ್ಲಿ ಮೊದಲ ಫಲಕ ಹಾಕಿದ್ದು ಕವಿ ಬೈರನ್ ಹುಟ್ಟಿದ ಮನೆಗೆ. 1889ರಲ್ಲಿ ಆ ಮನೆಯನ್ನೇ ಕೆಡವಿದರು. ಆದ್ದರಿಂದ ಹಳೆಯದನ್ನು ಕೆಡವುವ ಚಟ ನಮಗೊಬ್ಬರಿಗೇ ಇರುವುದಲ್ಲ. ಆದರೆ ಅವರು ಫಲಕ ಹಾಕುವುದನ್ನು ಬಿಡಲಿಲ್ಲ. ನಾವು ಶುರುವೇ ಮಾಡಲಿಲ್ಲ.

ನೋಡಿ, ಇಷ್ಟಕ್ಕೆ ಒಂದು ಪೈಸೆ ಖರ್ಚಿಲ್ಲ. ಹೊಟ್ಟೆನೋವಿನ ಮಗುವೂ ಬರುತ್ತದೆ.

ಈಗ ಉಳಿವಿನ ಪ್ರಶ್ನೆಗೆ ಬರುತ್ತೇನೆ. ನಮ್ಮ ಮಕ್ಕಳನ್ನು ಬೇರೆ ಶಾಲೆಯ ಮಕ್ಕಳು ಕೇಳುವ ಒಂದು ಪ್ರಶ್ನೆ ಇದೆ. "ನೀವು ಕರ್ನಾಟಕದಿಂದ ಯಾವಾಗ ಬಂದಿರಿ?" ಕೇಳುವವರಿಗೆ ಕೆಟ್ಟ ಮನಸ್ಸಿಲ್ಲ, ಗೊತ್ತಿಲ್ಲ ಅಷ್ಟೆ. ನಮ್ಮ ಮಗುವಿಗೂ ಗೊತ್ತಿಲ್ಲ. ತಾತನನ್ನು ಕೇಳಿದರೆ "ಇಲ್ಲೇ ಇದ್ದೀವಲ್ಲಪ್ಪಾ" ಅನ್ನುತ್ತಾನೆ. ಉತ್ತರ ಸಿಗದ ಮಗು ತಾನು ನೆಂಟ ಎಂದು ತಿಳಿಯುತ್ತದೆ. ನೆಂಟನಿಗೆ ತನ್ನ ಭಾಷೆಯ ಶಾಲೆ ಯಾಕೆ ಬೇಕು? ಟೀಸಿ ತೆಗೆದುಕೊಂಡು ಹೊರಡುತ್ತದೆ. ದಾಖಲಾತಿ ಇಳಿಯುತ್ತಿರುವುದಕ್ಕೆ ನಾವು ಇಂಗ್ಲಿಷ್ ಮೋಹ, ವ್ಯಾನಿನ ಸೌಕರ್ಯ ಅಂತೆಲ್ಲ ಕಾರಣ ಹೇಳುತ್ತೇವೆ. ಅವೂ ನಿಜ. ಜೊತೆಗೆ ಇದೂ ನಿಜ.

ಉತ್ತರ ನೆಲದಲ್ಲೇ ಇದೆ. ಕೃಷ್ಣಗಿರಿಯ ಕಡೆಯ ಬಾರಾಮಹಲ್ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನಿಂದ ಕಂಪನಿಗೆ ಹೋಯಿತು. ಹೊಸೂರಿನ ಕಡೆಯ ಸೀಮೆ 1799ರಲ್ಲಿ ಹೋಯಿತು. ಹೀಗೆ ನಾವು ಮದರಾಸಿನ ಸೇಲಂ ಜಿಲ್ಲೆಗೆ ಸೇರಿದೆವು. 1956ರಲ್ಲಿ ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗಲೂ ಅಲ್ಲೇ ಉಳಿದೆವು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಇಷ್ಟೆಲ್ಲ ಆಗುವಾಗ ತಾತ ಇಲ್ಲೇ ಇದ್ದ. ಅವನ ತಾತನೂ ಇಲ್ಲೇ ಇದ್ದ. ನಮ್ಮ ಪಕ್ಕದ ಧರ್ಮಪುರಿಯಲ್ಲಿ 9ನೆಯ ಶತಮಾನದ, ನೊಳಂಬ ಅರಸರ ಕಾಲದ ಕನ್ನಡ ಶಾಸನ ಸಿಕ್ಕಿದೆ. ಇದು ಭಾಷಣವಲ್ಲ, ಕಲ್ಲು.

ಇಲ್ಲಿ ನಿಲ್ಲಿಸಿಬಿಟ್ಟರೆ ಕೆಲವರಿಗೆ ಖುಷಿಯಾಗುತ್ತದೆ. ನವೆಂಬರ್ 1ಕ್ಕೆ ಗಡಿಯಾಚೆಯಿಂದ ಕಾರಿನಲ್ಲಿ ಬಂದು, ಶಾಲು ಹೊದಿಸಿಕೊಂಡು, "ಹೊಸೂರು ನಮ್ಮದೇ" ಎಂದು ಗುಡುಗಿ, ಊಟ ಮುಗಿಸಿ ಹೋಗುವ ಮಹನೀಯರಿಗೆ! ಸ್ವಾಮೀ, ನಿಮ್ಮ ಗುಡುಗಿನಿಂದ ನಮ್ಮ ಶಾಲೆಯ ಒಂದು ಹಂಚೂ ಬದಲಾಗಲಿಲ್ಲ. ನೀವು ಹೋದ ಮೇಲೆ ಅದೇ ತಮಿಳು ನೆರೆಯವರ ಜೊತೆ ನಾವು ನೀರು ಹಿಡಿಯಬೇಕು, ಬಸ್ಸು ಹತ್ತಬೇಕು. ನೀವು ಓದಬೇಕಾದ ಕಲ್ಲುಗಳೂ ಇವೆ. ಬೆಂಗಳೂರಿನ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನಕ್ಕೆ ಹೋಗಿ, ಅಲ್ಲಿ ತಮಿಳು ಶಾಸನಗಳಿವೆ. ಕೋಲಾರದ ಕೋಲಾರಮ್ಮನ ಗುಡಿಗೆ ಹೋಗಿ, ಅಲ್ಲಿ ಚೋಳರ ತಮಿಳು ಶಾಸನಗಳಿವೆ. ಹೊಯ್ಸಳ ಸೋಮೇಶ್ವರ 13ನೆಯ ಶತಮಾನದಲ್ಲಿ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಹಂಚಿದಾಗ ತಮಿಳು ಸೀಮೆ ಪಡೆದವನು ರಾಮನಾಥ. ಕನ್ನಡದ ದೊರೆಮನೆಯ ಈ ಮಗ ಬರೆಸಿದ ಎಷ್ಟೋ ಶಾಸನ ತಮಿಳಿನಲ್ಲಿವೆ. ಕಲ್ಲು ತೋರಿಸಿ ನೆಲ ಕೇಳುವುದಾದರೆ ದೊಮ್ಮಲೂರನ್ನು ಯಾರಿಗೆ ಕೊಡುತ್ತೀರಿ?

ಹಾಗಾಗಿ ನಡಿಗೆಯಲ್ಲಿ ಮಗು ಕಲಿಯಬೇಕಾದದ್ದು ಒಂದೇ ಮಾತು. ನಾನು ಇಲ್ಲಿ ನೆಂಟನಲ್ಲ, ಇಲ್ಲಿಗೆ ನಾನೊಬ್ಬನೇ ಯಜಮಾನನೂ ಅಲ್ಲ. ನಾನು ಈ ಊರಿನವನು.

ಇದನ್ನು ಕಲಿಯಲು ನಮ್ಮ ಮಗುವಿಗೆ ಇರುವ ಅನುಕೂಲ ಬೇರೆ ಯಾರಿಗಿದೆ? 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಒಂದನೇ ತರಗತಿಯಿಂದ ತಮಿಳು ಬಂತು. ಆ ಕಾಯ್ದೆ ನಮ್ಮ ಮಾತೃಭಾಷೆಯ ಪರೀಕ್ಷೆಗೆ ತಂದಿಟ್ಟ ತೊಡಕಿನ ಬಗ್ಗೆ ನನ್ನ ತಕರಾರು ಇದೆ. ತಮಿಳಿನ ಬಗ್ಗೆ ಇಲ್ಲ. ತಮಿಳು ಕಲಿತದ್ದರಿಂದ ನಮ್ಮ ಮಗು ಇಂದು ಊರಿನ ಎರಡೂ ಲಿಪಿ ಓದುತ್ತದೆ. ಪಕ್ಕದ ತಮಿಳು ಮಾಧ್ಯಮದ ಮಗು ಒಂದನ್ನೇ ಓದುತ್ತದೆ. ಬೊಲ್ಜಾನೊದಲ್ಲಿ ಕಲಿಕೆ ಎರಡೂ ಕಡೆಗೆ ಹರಿಯುತ್ತದೆ, ನಮ್ಮಲ್ಲಿ ಒಂದೇ ಕಡೆಗೆ. ಇದನ್ನು ಸರ್ಕಾರಕ್ಕೆ ಕೇಳಲೇಬೇಕು. ಕೇಳುತ್ತಲೇ ಒಂದು ಕೆಲಸ ಮಾಡಿ: ನಡಿಗೆಗೆ ಪಕ್ಕದ ತಮಿಳು ಶಾಲೆಯ ಮಕ್ಕಳನ್ನೂ ಕರೆಯಿರಿ. ನಮ್ಮವರು ಅವರಿಗೆ ಹೊಸೂರಿನ ಅರ್ಥ ಹೇಳಲಿ, ಅವರು ನಮ್ಮವರಿಗೆ ತಮ್ಮ ಮನೆಯ ಮಾತು ಹೇಳಲಿ. ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ 1991ರಿಂದ 18 ವರ್ಷ ಮುಸುಕು ಹೊದ್ದು ನಿಂತಿತ್ತು. 2009ರ ಆಗಸ್ಟ್ 9ರಂದು ಮುಸುಕು ಸರಿಯಿತು. ನಾಲ್ಕೇ ದಿನಕ್ಕೆ, ಆಗಸ್ಟ್ 13ರಂದು, ಚೆನ್ನೈನಲ್ಲಿ ನಮ್ಮ ಸರ್ವಜ್ಞ ಎದ್ದು ನಿಂತ. ಕವಿಗಳ ಮುಸುಕು ತೆಗೆಯಲು ಎರಡು ಸರ್ಕಾರ ಬೇಕಾದವು. ಮಕ್ಕಳ ಮುಸುಕು ತೆಗೆಯಲು ಇಬ್ಬರು ಮೇಷ್ಟ್ರು ಸಾಕು.

ಇನ್ನು ಆಕ್ಷೇಪಣೆಗಳು. ಸ್ಟಾಫ್ ರೂಮಿನಲ್ಲಿ ಕೇಳಿ ಕೇಳಿ ನನಗೆ ಬಾಯಿಪಾಠವಾಗಿವೆ.

"ಸಿಲಬಸ್ ಮುಗಿಯಲ್ಲ ಸಾರ್." ಬಸ್ಸಿನ ಟೂರಿನ ಮಾರನೆಯ ದಿನ ಅರ್ಧ ತರಗತಿ ಗೈರು. ಆಗ ಮುಗಿಯುತ್ತದೆಯೇ? ನಡಿಗೆ ಶನಿವಾರ ಬೆಳಗಿನ ಮೂರು ಗಂಟೆಯ ಕೆಲಸ.

"ಟ್ರಾಫಿಕ್ ಜಾಸ್ತಿ, ಮಕ್ಕಳಿಗೆ ಅಪಾಯ." ಈ ಮಾತು ನಿಜ. ಅದಕ್ಕೇ ಹೆದ್ದಾರಿ ದಾಟುವ ದಾರಿ ಬೇಡ, ಪೇಟೆಯ ಒಳಬೀದಿ ಹಿಡಿಯಿರಿ. ಬೆಳಗ್ಗೆ ಏಳಕ್ಕೆ ಹೊರಟು ಹತ್ತಕ್ಕೆ ಮುಗಿಸಿ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಇರಲಿ, ಎಸ್‌ಎಂಸಿಯ ತಾಯಂದಿರನ್ನು ಕರೆಯಿರಿ. ಅವರಿಗೆ ಊರಿನ ಬಗ್ಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ.

"ಪೋಷಕರು ಒಪ್ಪಲ್ಲ, ಬಸ್ ಟೂರೇ ಕೇಳ್ತಾರೆ." ಬಸ್ ಟೂರು ಬೇಡವೆಂದು ನಾನೆಲ್ಲಿ ಹೇಳಿದೆ? ಮೊದಲು ನಡಿಗೆ, ಆಮೇಲೆ ಬಸ್ಸು. ಸ್ವಂತ ಊರನ್ನು ಓದಲು ಕಲಿತ ಮಗು ಮೈಸೂರಿಗೆ ಹೋದಾಗ ಜಾರುಬಂಡೆಯ ಜೊತೆ ಇನ್ನೊಂದನ್ನಾದರೂ ನೋಡಿ ಬರುತ್ತದೆ.

"ಭಾಷೆಯ ಗಲಾಟೆ ಆಗುತ್ತೆ." ಗೊತ್ತಿಲ್ಲದವರಿಂದ ಗಲಾಟೆ ಆಗುತ್ತದೆ. ಕೆರೆಯ ಏರಿಯ ಮೇಲೆ ನಿಂತು ಏರಿ, ಕರೈ ಎಂದು ಒಟ್ಟಿಗೆ ನಕ್ಕ ಮಕ್ಕಳು ಗಲಾಟೆ ಮಾಡುವುದಿಲ್ಲ.

ಬೇರೆ ಊರುಗಳ ಮೇಷ್ಟ್ರುಗಳೇ, ಇದು ಹೊಸೂರಿಗೆ ಮಾತ್ರ ಹೇಳಿದ್ದಲ್ಲ. ಕೃಷ್ಣಗಿರಿಯವರಿಗೆ ಬೆಟ್ಟದ ಕೋಟೆ ಇದೆ, ವೀರಗಲ್ಲುಗಳನ್ನಿಟ್ಟ ಸರ್ಕಾರಿ ವಸ್ತು ಸಂಗ್ರಹಾಲಯ ಇದೆ. ನಮ್ಮ ವೀರಗಲ್ಲನ್ನು ತಮಿಳಿನವರು ನಡುಕಲ್ ಅನ್ನುತ್ತಾರೆ. ಸತ್ತ ವೀರ ಒಬ್ಬನೇ. ರಾಯಕೋಟೆಯವರಿಗೆ ಕೋಟೆ ಇದೆ. ಡೆಂಕಣಿಕೋಟೆಯವರಿಗೆ ಬೇಟರಾಯಸ್ವಾಮಿ ಇದ್ದಾನೆ. ತಳಿ, ಕೆಲಮಂಗಲ, ಬಾಗಲೂರು, ಬೇರಿಗೆ, ಅಂಚೆಟ್ಟಿ... ಏನೂ ಇಲ್ಲದ ಊರು ಯಾವುದಿದೆ? ಕೆರೆ, ಗುಡಿ, ಮಸೀದಿ, ಸಂತೆಮಾಳ, ಹಳೇ ಬಾವಿ, ಊರ ಹೆಸರು. ಇಷ್ಟಿದ್ದರೆ ಒಂದು ಬೆಳಗಿಗೆ ಸಾಕು.

ಐದು ಜಾಗ ಆರಿಸಿ. ಒಂದೊಂದು ಜಾಗಕ್ಕೆ ಮೂರೇ ಪ್ರಶ್ನೆ: ಇದರ ಹೆಸರೇನು? ಇದನ್ನು ಯಾರು ಕಟ್ಟಿದರು ಅಥವಾ ಯಾರು ಬಳಸುತ್ತಿದ್ದರು? ಇದನ್ನು ಪಕ್ಕದ ಮನೆಯ ಭಾಷೆಯಲ್ಲಿ ಏನೆನ್ನುತ್ತಾರೆ? ಮಕ್ಕಳು ನೋಟ್ ಪುಸ್ತಕದಲ್ಲಿ ಬರೆಯಲಿ. ಮನೆಗೆ ಹೋಗಿ ಅಜ್ಜಿಯನ್ನು ಕೇಳಿ ಇನ್ನೊಂದು ಸಾಲು ಸೇರಿಸಲಿ. ಸೋಮವಾರ ಆ ಬರಹವನ್ನು ಶಾಲೆಯ ಗೋಡೆಗೆ ಅಂಟಿಸಿ. ಲಂಡನ್ನಿನವರು ಮನೆಗಳಿಗೆ ಹಾಕುವ ಫಲಕದ ಹಾಗೆ ನಮ್ಮ ಊರಿಗೆ ನಮ್ಮ ಮಕ್ಕಳೇ ಬರೆದ ಮೊದಲ ಫಲಕ ಅದು.

ಮುಂದಿನ ಟೂರಿನ ಸುತ್ತೋಲೆ ಬರುವ ಮೊದಲೇ ನಿಮ್ಮ ಹೆಡ್‌ಮಾಸ್ಟರ ಹತ್ತಿರ ಈ ಮಾತೆತ್ತಿ. ಒಪ್ಪದಿದ್ದರೆ ನಿಮ್ಮ ಒಂದು ತರಗತಿಯನ್ನಾದರೂ ಕರೆದುಕೊಂಡು ಹೊರಡಿ. ಹೋಗಿ ಬಂದವರು ನಿಮ್ಮೂರಿನ ಐದು ಜಾಗಗಳ ಪಟ್ಟಿ ಕಳಿಸಿ. ನಮ್ಮ ಮಕ್ಕಳನ್ನು ನಿಮ್ಮೂರಿಗೆ ನಡೆಸಿಕೊಂಡು ಬರುತ್ತೇವೆ.